ಏಳು ತಂತಿಯ ಪಿಟೀಲು, ನಮ್ಮ ತಂಬೂರಿ

ಪೆರಿಕಲ್ಲೂರಿನಲ್ಲಿ ದೋಣಿ ಹತ್ತಿ ಆಚೆ ದಡಕ್ಕೆ ಇಳಿದರೆ ಬೈರಕುಪ್ಪೆ. ಈಚೆ ಕೇರಳ, ಆಚೆ ಕರ್ನಾಟಕ, ನಡುವೆ ಕಬಿನಿ. ಇದೇ ನೀರು ಬೀಚನಹಳ್ಳಿ ಅಣೆಕಟ್ಟೆ ದಾಟಿ, ನಂಜನಗೂಡಿನ ಮೇಲೆ ಹರಿದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದವರು ಪಿಟೀಲು ಚೌಡಯ್ಯನವರು. ಹಾಗಾಗಿ ಅವರೂ ನಮ್ಮ ಹೊಳೆಯವರೇ ಅಂತ ನನ್ನ ಲೆಕ್ಕ.

ಅವರ ವಿಚಾರ ಬರೆಯೋದಕ್ಕೆ ಒಂದು ಕಾರಣ ಇದೆ. ಹೋದ ವರ್ಷ ಹಬ್ಬದ ರಾತ್ರಿ ನಾನು ತಂಬೂರಿ ಪದಕ್ಕೆ ಕೂತಾಗ ಊರಿನ ಹುಡುಗನೊಬ್ಬ ಕೀಬೋರ್ಡು ತಂದ. "ದೊಡ್ಡಪ್ಪ, ನಿಮ್ಮ ಜೊತೆ ನಾನೂ ನುಡಿಸ್ತೀನಿ" ಅಂದ. "ಅದು ನಮ್ಮ ವಾದ್ಯ ಅಲ್ಲ, ಎತ್ಕೊಂಡು ಹೋಗು" ಅಂತ ಗದರಿಬಿಟ್ಟೆ. ಆಮೇಲೆ ಅವನು ಪದ ಕೇಳೋಕೂ ಬರಲಿಲ್ಲ.

ಹಾಗೆ ನೋಡಿದರೆ ಪಿಟೀಲು ತಾನೆ ಎಲ್ಲಿಯದು? ಯುರೋಪಿನವರ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಅದನ್ನು ಯುರೋಪಿನವರಿಂದ ಕಲಿತು ನಮ್ಮ ಸಂಗೀತಕ್ಕೆ ತಂದರು. ಇವತ್ತು ಪಿಟೀಲಿಲ್ಲದ ಕಚೇರಿ ಅಪರೂಪ. ಯಾರೂ ಅದನ್ನು ಪರದೇಶಿ ಅನ್ನೋದಿಲ್ಲ.

ಚೌಡಯ್ಯನವರು ಅಷ್ಟಕ್ಕೇ ನಿಲ್ಲಲಿಲ್ಲ. ಆಗಿನ ಕಚೇರಿಗಳಲ್ಲಿ ಮೈಕು ಇರಲಿಲ್ಲ. ದೊಡ್ಡ ಗಂಟಲಿನ ಗಾಯಕರ ಪಕ್ಕ ಪಿಟೀಲಿನ ನಾದ ಹಿಂದೆ ಕೂತವರಿಗೆ ಮುಟ್ಟುತ್ತಿರಲಿಲ್ಲ. ಅದಕ್ಕೆ ಅವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದರು. ನಾದ ತುಂಬಿ ಬಂತು. ಒಪ್ಪದವರೂ ಇದ್ದರು, ಆದರೆ ಅವರು ಬಿಡಲಿಲ್ಲ.

ತಂತಿ ಹೊಸದಾದರೂ ದಾರಿ ಹಳೆಯದು. ಅವರ ಗುರು ಮೈಸೂರಿನ ಬಿಡಾರಂ ಕೃಷ್ಣಪ್ಪನವರು ಹಾಡುಗಾರರು, ಕಚೇರಿಯಲ್ಲಿ ಕನ್ನಡದ ದೇವರನಾಮಗಳನ್ನು ಹಾಡಿ ಜನಕ್ಕೆ ಮುಟ್ಟಿಸಿದವರು. ಅವರ ಹತ್ತಿರ ಚೌಡಯ್ಯನವರು ವರ್ಷಗಟ್ಟಲೆ ಕಲಿತರು. ಗುರುವಿನ ಗಂಟಲಿನಲ್ಲಿ ಬಂದದ್ದನ್ನು ಕಮಾನಿನಲ್ಲಿ ತರೋದೇ ಆ ಕಲಿಕೆ. ಹಾಗಾಗಿ ಅವರ ಪಿಟೀಲು ಹಾಡುವ ಹಾಗೆ ಕೇಳಿಸುತ್ತದೆ.

ಕೇರಳದ ನಮಗೆ ಇನ್ನೊಂದು ನಂಟೂ ಇದೆ. ಪಾಲಕ್ಕಾಡಿನ ಚೆಂಬೈ ವೈದ್ಯನಾಥ ಭಾಗವತರು ಯೇಸುದಾಸರಿಗೆ ಪಾಠ ಹೇಳಿದವರು, ಕಂಚಿನ ಕಂಠದವರು. ಅವರ ಹಾಡಿಗೆ ಚೌಡಯ್ಯನವರ ಪಿಟೀಲು, ಪಾಲಕ್ಕಾಡು ಮಣಿ ಅಯ್ಯರ್ ಅವರ ಮೃದಂಗ. ಆ ಜೋಡಣೆ ದಕ್ಷಿಣದಲ್ಲೆಲ್ಲ ಹೆಸರಾಯಿತು. ಒಬ್ಬರು ಮೈಸೂರು ಸೀಮೆಯವರು, ಇನ್ನಿಬ್ಬರು ಪಾಲಕ್ಕಾಡಿನವರು. ಅವರ ನಡುವೆ ಗಡಿ ಅಡ್ಡ ಬರಲಿಲ್ಲ. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಚೌಡಯ್ಯನವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. 1967ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಭವನವನ್ನು ಪಿಟೀಲಿನ ಆಕಾರದಲ್ಲೇ ಕಟ್ಟಿದ್ದಾರೆ.

ಆಮೇಲೆ ಮೈಕು ಬಂತು, ಏಳು ತಂತಿಯ ಅಗತ್ಯ ಕಡಿಮೆಯಾಯಿತು. ಈಗ ಬಹುಪಾಲು ಎಲ್ಲರೂ ನುಡಿಸೋದು ನಾಲ್ಕು ತಂತಿಯನ್ನೇ. ಹಾಗಂತ ಚೌಡಯ್ಯನವರು ಮಾಡಿದ್ದು ದಂಡ ಅಲ್ಲ. ಕೊನೇ ಸಾಲಿನಲ್ಲಿ ಕೂತವನಿಗೂ ಕೇಳಿಸಲಿ ಅಂತ ಮಾಡಿದ್ದು ಅದು, ತೋರಿಕೆಗಲ್ಲ.

ಇದನ್ನು ಯೋಚಿಸಿದ ಮೇಲೆ ನನ್ನ ತಪ್ಪು ನನಗೆ ಗೊತ್ತಾಯಿತು. ನಾನು ಕೇಳಬೇಕಾಗಿದ್ದು ವಾದ್ಯ ಯಾವ ದೇಶದ್ದು ಅಂತಲ್ಲ. ಪದದ ಮಾತು ಅದರಲ್ಲಿ ಮುಳುಗುತ್ತದೋ, ತೇಲುತ್ತದೋ ಅಂತ. ನಮ್ಮ ತಂಬೂರಿ ಪದದಲ್ಲಿ ಕಥೆಯೇ ಜೀವ. ಮಾತು ಕೇಳಿಸದಿದ್ದರೆ ರಾತ್ರಿಯೆಲ್ಲ ಹಾಡಿ ಏನು ಬಂತು?

ಮೊನ್ನೆ ಆ ಹುಡುಗನ ಮನೆಗೆ ನಾನೇ ಹೋದೆ. "ಕೀಬೋರ್ಡು ಇರಲಿ ಮಗ. ಮೊದಲು ಒಂದು ವರ್ಷ ನನ್ನ ಪಕ್ಕ ಕೂತು ಪದ ಕಲಿ. ಆಮೇಲೆ ಎಲ್ಲಿ ನುಡಿಸಬೇಕು, ಎಲ್ಲಿ ಸುಮ್ಮನಿರಬೇಕು ಅಂತ ನಿನಗೇ ತಿಳೀತದೆ" ಅಂದೆ. ಅವನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಈ ಸಲದ ಹಬ್ಬಕ್ಕೆ ನನ್ನ ಪಕ್ಕದಲ್ಲಿ ಒಂದು ಚಾಪೆ ಹಾಸಿಟ್ಟಿರುತ್ತೇನೆ.