ದಾಳಿಯಲ್ಲದ ರೇಡ್

ರೇಡ್ (ನಾ.)

ಉಮ್ಮತ್ತೂರಿನ ಕಡೆ ಈ ಪದ ಕಿವಿಗೆ ಬಿದ್ದರೆ ಲೋಕಾಯುಕ್ತ, ಅಬಕಾರಿಯವರೇ ನೆನಪಾಗುತ್ತಾರೆ. ಆ ರೇಡ್‌ಗೆ ಮೂಲ ಹಳೆಯ ಇಂಗ್ಲಿಷಿನ ‘ರಾದ್’, ಎಂದರೆ ಸವಾರಿ. ‘ರೋಡ್’ ಕೂಡ ಅದರದೇ ಕವಲು. ನಮ್ಮ ‘ದಾಳಿ’ಯ ಬಳ್ಳಿ ಬೇರೆ: ಸಂಸ್ಕೃತದ ಧಾಟೀ, ತೆಲುಗಿನ ದಾಡಿ, ಮರಾಠಿಯ ಧಾಡ್. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸದರಲ್ಲಿ ಉಮ್ಮತ್ತೂರಿನ ಗಂಗರಾಜನ ಮೇಲೆ ಏರಿಹೋದದ್ದು ಈ ದಾಳಿ.

ಮನೆಯ ಕಂಪ್ಯೂಟರಿನಲ್ಲಿ ಗೇಮ್ ಆಡುವ ಹುಡುಗರ ‘ರೇಡ್’ಗೂ ಇವಕ್ಕೂ ನಂಟಿಲ್ಲ. ಅದು ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರಗಳ ಕೂಡಿಕೆ. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ತಮ್ಮ ಪ್ರಬಂಧದಲ್ಲಿ ಬಳಸಿದ್ದು. ಅಗ್ಗದ ಡಿಸ್ಕುಗಳ ಸಾಲು, ಒಂದು ಕೆಟ್ಟರೂ ಮಾಹಿತಿ ಉಳಿಯಬೇಕು ಎಂಬುದು ಅರ್ಥ. ‘ಅಗ್ಗದ’ ಎಂಬುದು ಆಮೇಲೆ ‘ಸ್ವತಂತ್ರ’ ಎಂದಾಯಿತು.

ಗೇಮಿನವರು ಕೇಳುವುದು ‘ರೇಡ್ ಸೊನ್ನೆ’. ಫೈಲನ್ನು ತುಂಡು ಮಾಡಿ, ಒಂದು ಚೂರು ಈ ಹಾರ್ಡ್ ಡಿಸ್ಕಿಗೆ, ಮುಂದಿನದು ಆ ಡಿಸ್ಕಿಗೆ ಹಂಚಿ, ಎರಡರಿಂದಲೂ ಒಟ್ಟಿಗೆ ಓದಿಸುವುದು. ಗೇಮ್ ಬೇಗ ಲೋಡ್ ಆಗುತ್ತದೆ. ಆಡುವಾಗಿನ ಚಿತ್ರದ ಓಟ ಹೆಚ್ಚೇನೂ ಬದಲಾಗದು, ಅದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಇಲ್ಲಿ ಕಾಯುವ ಡಿಸ್ಕೇ ಇಲ್ಲ. ಒಂದು ಕೆಟ್ಟರೆ ಎರಡರದ್ದೂ ಹೋಯಿತು. ‘ರೇಡ್ ಇದೆ, ಬ್ಯಾಕಪ್ ಯಾಕೆ’ ಎನ್ನುವುದು ತಪ್ಪು ಬಳಕೆ. ಮನೆಯವರ ಫೋಟೊಗಳ ಇನ್ನೊಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ.