ಸೀಸ ಹಿಡಿಯುವ ಪ್ಲಾಸ್ಟಿಕ್ ಹಾಳೆ

ನವಲಗುಂದ, ಅಣ್ಣಿಗೇರಿ ಕಡೆ ಬೋರ್ ನೀರು ಸವಳು. ಒಂದು ಗುಟುಕು ಕುಡಿದರೆ ನಾಲಿಗೆಯೇ ಹೇಳುತ್ತದೆ. ಅದಕ್ಕೇ ನಾವು ಕಾಲುವೆಯಿಂದ ತುಂಬುವ ಕೆರೆಗಳನ್ನು ನಂಬಿಕೊಂಡವರು. ಆದರೆ ಸೀಸದ ವಿಷಯದಲ್ಲಿ ನಾಲಿಗೆ ಕೆಲಸಕ್ಕೆ ಬರುವುದಿಲ್ಲ. ನೀರಲ್ಲಿ ಕರಗಿದ ಸೀಸಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಅದು ಎಳೆ ಮಕ್ಕಳ ಮಿದುಳಿಗೆ ಪೆಟ್ಟು ಕೊಡುತ್ತದೆ. ಕಲಿಯಲಾಗದ ಹುಡುಗನನ್ನು ನಾವು ದಡ್ಡ ಎಂದು ಬೈದು ಸುಮ್ಮನಾಗುತ್ತೇವೆ.

ನಮ್ಮ ದೇಶದಲ್ಲಿ ಈ ಮಾತು ಜೋರಾಗಿ ಕೇಳಿಸಿದ್ದು ಬೆಂಗಳೂರಿನಿಂದ. 1990ರ ದಶಕದ ಕೊನೆಗೆ ಜಾರ್ಜ್ ಫೌಂಡೇಶನ್, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೊ. ತುಪ್ಪಿಲ್ ವೆಂಕಟೇಶ್ ಮೊದಲಾದವರು ದೊಡ್ಡ ನಗರಗಳಲ್ಲಿ ಜನರ ರಕ್ತ ಪರೀಕ್ಷಿಸಿದರು. ಅರ್ಧದಷ್ಟು ಮಕ್ಕಳಲ್ಲಿ ಸೀಸ ಹೆಚ್ಚಿತ್ತು. 2000ದಲ್ಲಿ ಸೀಸದ ಪೆಟ್ರೋಲ್ ದೇಶದಾದ್ಯಂತ ನಿಂತಿತು.

ನೀರಿನ ಪ್ರಶ್ನೆ ಉಳಿಯಿತು. ಕುಡಿಯುವ ನೀರಲ್ಲಿ ಲೀಟರಿಗೆ 0.01 ಮಿಲಿಗ್ರಾಂಗಿಂತ ಹೆಚ್ಚು ಸೀಸ ಇರಬಾರದು ಎನ್ನುತ್ತದೆ ಭಾರತೀಯ ಮಾನಕ. ಇಷ್ಟು ಚೂರನ್ನು ಅಳೆಯಲು ದುಬಾರಿ ಯಂತ್ರ ಬೇಕು. ಕೈಯಲ್ಲಿ ಹಿಡಿದು ನೀರಿಗೆ ಅದ್ದುವ ಕಡ್ಡಿಯೊಂದು ಸಾಕಾದರೆ?

1970ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಮೂಡಿ, ಓಕ್, ಥಾಮಸ್ ಎಂಬ ಮೂವರು ಪಿವಿಸಿಯಿಂದ ಅಂಥ ಕಡ್ಡಿಗೆ ದಾರಿ ತೋರಿಸಿದರು. ಅವರದು ಕ್ಯಾಲ್ಸಿಯಂ ಅಳೆಯುವುದಕ್ಕೆ. ಸೀಸದ ಕಡ್ಡಿಯೂ ಅದೇ ಜಾತಿ. ಪಿವಿಸಿ ಪುಡಿ, ಎಣ್ಣೆಯಂಥ ದ್ರವ, ಸೀಸವನ್ನೇ ಹುಡುಕಿ ಹಿಡಿಯುವ ಒಂದು ರಸಾಯನ, ಇವನ್ನು ದ್ರಾವಕದಲ್ಲಿ ಕರಗಿಸಿ ಗಾಜಿನ ಮೇಲೆ ಹೊಯ್ಯುತ್ತಾರೆ. ದ್ರಾವಕ ಆರಿದರೆ ಹಪ್ಪಳದಂಥ ತೆಳು ಹಾಳೆ. ಅದನ್ನು ಬಿಲ್ಲೆಯಾಗಿ ಕತ್ತರಿಸಿ ಕೊಳವೆಯ ತುದಿಗೆ ಅಂಟಿಸಿ, ಒಳಗೆ ಸೀಸದ ದ್ರಾವಣ ತುಂಬುತ್ತಾರೆ. ಹೊರಗಿನ ನೀರಲ್ಲಿ ಸೀಸ 10 ಪಟ್ಟು ಹೆಚ್ಚಾದರೆ ಮೀಟರಿನಲ್ಲಿ ಸುಮಾರು 30 ಮಿಲಿವೋಲ್ಟ್ ಏರುತ್ತದೆ.

ಆದರೂ ವರ್ಷಗಟ್ಟಲೆ ಈ ಕಡ್ಡಿಗಳು ಲೀಟರಿಗೆ ಸುಮಾರು 0.2 ಮಿಲಿಗ್ರಾಂಗಿಂತ ಕೆಳಗೆ ಏನನ್ನೂ ಕಾಣಲಿಲ್ಲ. ಅದು ಮಿತಿಯ 20 ಪಟ್ಟು! 1997ರಲ್ಲಿ ಜ್ಯೂರಿಕ್‌ನ ಪ್ರೆಟ್ಷ್ ಅವರ ತಂಡ ಕಾರಣ ತೋರಿಸಿತು. ಕಡ್ಡಿಯ ಒಳಗಿನ ಸೀಸವೇ ಹಾಳೆಯ ಮೂಲಕ ಹೊರಗೆ ಜಿನುಗುತ್ತಿತ್ತು. ಕಳ್ಳನನ್ನು ಹುಡುಕಲು ಬಂದವನೇ ಹೆಜ್ಜೆ ಗುರುತು ಮೂಡಿಸಿದ ಹಾಗೆ. ಒಳಗಿನ ಸೀಸವನ್ನು ಬೇರೆ ರಸಾಯನದಿಂದ ಕಟ್ಟಿಹಾಕಿದ್ದೇ ತಡ, ಕಡ್ಡಿ ಲಕ್ಷಾಂತರ ಪಟ್ಟು ಸೂಕ್ಷ್ಮವಾಯಿತು.

ನಮಗೆ ಕುತೂಹಲ ಇರುವುದು ಪಿವಿಸಿ ಬಗ್ಗೆ. ಸೀಸ ಹಿಡಿಯುವ ಹಾಳೆ ಪಿವಿಸಿಯದು, ನಮ್ಮ ಓಣಿಯ ನಲ್ಲಿ ಪೈಪೂ ಪಿವಿಸಿಯದೇ. ಪೈಪ್ ತಯಾರಿಸುವಾಗ ಬಿಸಿಗೆ ಕೆಡದಿರಲಿ ಎಂದು ಅದಕ್ಕೆ ಸೀಸ ಬೆರೆಸುವ ರೂಢಿ ಇತ್ತು. ಅದನ್ನು ತಡೆಯಲು ಕೇಂದ್ರ ನಿಯಮ ತಂದದ್ದು 2021ರಲ್ಲಿ. ಅದಕ್ಕೂ ಮುಂಚೆ ಹೂತ ಪೈಪುಗಳು ನೆಲದಲ್ಲೇ ಇವೆ. ಪಂಚಾಯಿತಿಗೆ ಕೊಡುವ ನೀರು ಪರೀಕ್ಷೆ ಕಿಟ್‌ನಲ್ಲಿ ಫ್ಲೋರೈಡ್, ನೈಟ್ರೇಟ್, ಕಬ್ಬಿಣ ನೋಡುತ್ತಾರೆ. ಸೀಸ ಸಾಮಾನ್ಯವಾಗಿ ಆ ಪಟ್ಟಿಯಲ್ಲಿಲ್ಲ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರನ್ನು ಬೆಳಿಗ್ಗೆ ಮೊದಲ ಕೊಡಕ್ಕೆ ಹಿಡಿಯದೆ ದನದ ಕೊಟ್ಟಿಗೆ ತೊಳೆಯಲು ಬಿಟ್ಟರೆ ಒಳ್ಳೆಯದು.