ಸ್ಯಾಕ್ಸೋಫೋನ್ ಕಥೆ, ಭಾಗ 6: ಹಳೆಯ ಮೌತ್‌ಪೀಸ್

ನಾಗಸ್ವರದ ಮನೆಯಲ್ಲಿ ಹುಟ್ಟಿದ ನಮ್ಮ ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದರು. ಗಮಕಕ್ಕಾಗಿ ವಾದ್ಯವನ್ನೇ ಮಾರ್ಪಡಿಸಿದರು. ಮಾರ್ಪಾಡು ಈ ವಾದ್ಯಕ್ಕೆ ಹೊಸದೇನಲ್ಲ ಬಿಡಿ. 1846ರಲ್ಲಿ ಅಡಾಲ್ಫ್ ಸ್ಯಾಕ್ಸ್ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದಾಗ ಮೌತ್‌ಪೀಸಿನ ಒಳಗೂಡು ದೊಡ್ಡದು, ನಾದ ಮೆತ್ತಗೆ. ಜಾಝ್‌ನವರಿಗೆ ಗಟ್ಟಿ ದನಿ ಬೇಕಾಯಿತು. ಗೂಡು ಕಿರಿದಾಯಿತು, ತುದಿಯ ಬಾಯಿ ಅಗಲವಾಯಿತು. ನ್ಯೂಯಾರ್ಕಿನ ಹಳೆಯ ಮೆಯರ್ ಎಬೊನೈಟ್ ಪೀಸುಗಳಿಗೆ ಈಗಲೂ ಕೈಸುಡುವ ಬೆಲೆ.

ಆದರೆ ಎಷ್ಟೋ ಪೀಸುಗಳು ರಿಫೇಸ್ ಆದವು. ಅಂದರೆ ರೀಡ್ ಕೂರುವ ಅಂಚನ್ನು ಉಜ್ಜಿ ಬಾಯಿ ಬದಲಿಸಿರುತ್ತಾರೆ. ಆಮೇಲೆ ಮೈಮೇಲಿನ "5" ಅನ್ನೋ ಅಂಕಿಯನ್ನು ನಂಬುವ ಹಾಗಿಲ್ಲ. ಮಿಲಿಮೀಟರಿನ ಹತ್ತರಲ್ಲೊಂದು ಪಾಲು ಬದಲಾದರೂ ತುಟಿಗೆ ಗೊತ್ತಾಗುತ್ತದೆ. ಕೆಲಸ ಚೆನ್ನಾಗಿದ್ದರೆ ನನ್ನದೇನೂ ತಕರಾರಿಲ್ಲ, ನಾನು ಕೊಳ್ಳುವುದು ಊದೋಕೆ. ಆಲ್ಮೆರೆಗೆ ಮೊದಲ ನಿವಾಸಿಗಳು ಬಂದದ್ದು 1976ರಲ್ಲಿ. ನಾನು ಕಣ್ಣಿಟ್ಟಿರುವ ಮೆಯರ್ ಈ ಊರಿಗಿಂತ ಹಿರಿದು. ಮಾರುವವರಿಗೆ ಎರಡೇ ಪ್ರಶ್ನೆ ಕಳಿಸಿದ್ದೇನೆ: ಉಜ್ಜಿದ್ದು ಯಾರು, ಈಗಿನ ಅಳತೆ ಎಷ್ಟು?